ಈ ಸಿಟ್ಟು ನಂದೇ

ಲೋಹಿತನಿಗೆ ಸಿಟ್ಟು ಬಂದರೆ ಆ ಮನೆಯಲ್ಲಿ ಯಾರೂ ತಿರುಗಿ ಮಾತಾಡುತ್ತಿರಲಿಲ್ಲ. ಅಮ್ಮ ರಾಮಮ್ಮ ಮಜ್ಜಿಗೆ ತರುತ್ತಿದ್ದರು. ಅಪ್ಪ ಸಣ್ಣಸ್ವಾಮಿ ಟವೆಲ್ ಹೆಗಲಿಗೆ ಹಾಕಿಕೊಂಡು ಜೋಳದ ಹೊಲದ ಕಡೆ ಹೊರಟುಬಿಡುತ್ತಿದ್ದರು. ನಾಯಿ ಕೂಡ, ಯಾರೋ ಹೇಳಿಕೊಟ್ಟ ಹಾಗೆ, ಜಗಲಿಯ ಕೆಳಗೆ ಸೇರಿಕೊಳ್ಳುತ್ತಿತ್ತು. ಹೀಗೆ ಎಲ್ಲರೂ ಒಟ್ಟಿಗೆ ಒಳ್ಳೆಯವರಾಗಿಬಿಟ್ಟರೆ ಸಿಟ್ಟು ಬಂದವನು ಏನು ಮಾಡಬೇಕು? ಜಗಳಕ್ಕೂ ಒಬ್ಬ ಜೊತೆಗಾರ ಬೇಕಲ್ಲ.

ಕಳೆದ ಮಳೆಗಾಲದಲ್ಲಿ ಅವನಿಗೆ ಮೆದುಳು ಜ್ವರ ಬಂದಿತ್ತು. ಹಾರಂಗಿ ನಾಲೆಯ ನೀರನ್ನು ಗದ್ದೆಗೆ ಬಿಟ್ಟ ಹೊಸತು, ಸಂಜೆಯಾದರೆ ಸೊಳ್ಳೆಯ ಕಾಟ. ಮೊದಲು ತಲೆನೋವು, ಆಮೇಲೆ ಜ್ವರ, ಆಮೇಲೆ ಹೆತ್ತ ತಾಯಿಯನ್ನೇ "ಯಾರಮ್ಮ ನೀವು?" ಎಂದು ಕೇಳಿದ. ಕುಶಾಲನಗರದಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ ಒಯ್ದರು. ಬದುಕಿ ಬಂದ. ಬಲಗೈ ಸ್ವಲ್ಪ ನಡುಗುತ್ತದೆ, ಕೆಲವು ಸಲ ನಾಲಿಗೆಯ ತುದಿಗೆ ಬಂದ ಹೆಸರು ಅಲ್ಲೇ ಕೂತುಬಿಡುತ್ತದೆ. ಅದು ಬಿಟ್ಟರೆ ಆಳು ಗಟ್ಟಿ.

ಆದರೆ ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಮನೆಯವರನ್ನು ಪಕ್ಕಕ್ಕೆ ಕರೆದು, "ಇನ್ನು ಸ್ವಲ್ಪ ಸಿಟ್ಟು ಜಾಸ್ತಿ ಇರಬಹುದು, ನೋಡ್ಕೊಂಡು ಹೋಗಿ" ಎಂದಿದ್ದರು. ಆ ಒಂದು ಮಾತು ಮನೆಗೆ ಕಾನೂನಾಯಿತು. ಅವತ್ತಿನಿಂದ ಲೋಹಿತನಿಗೆ ಬಂದ ಯಾವ ಸಿಟ್ಟೂ ಅವನದಲ್ಲ, ಎಲ್ಲ ಜ್ವರದ್ದು.

ಆ ಶನಿವಾರ ಬೆಳಗ್ಗೆಯೇ ಶುರುವಾಯಿತು.

"ಅಪ್ಪಾ, ಬೈಕಿನ ಕೀ ಎಲ್ಲಿ?"

"ಬೈಕು ಸರ್ವೀಸಿಗೆ ಕೊಟ್ಟಿವ್ನಿ ಕಣ್ ಮಗ."

ಬೈಕು ಹಿತ್ತಲಲ್ಲಿ ಟಾರ್ಪಾಲಿನ ಕೆಳಗಿತ್ತು. ಹಿಂದಿನ ಟೈರು ಹೊರಗೆ ಎದ್ದು ಕಾಣುತ್ತಿತ್ತು.

"ಹಿತ್ಲಲ್ಲೇ ಸರ್ವೀಸ್ ಮಾಡ್ತಾರಾ? ಓಡಿಸ್ಬೇಡ ಅಂತ ಮುಖಕ್ಕೆ ಹೇಳೋಕೆ ಏನು ರೋಗ ನಿಮಗೆ? ಫಿಟ್ಸ್ ಬಂದು ರೋಡಲ್ಲಿ ಬೀಳ್ತೀನಿ ಅಂತ ಭಯ ಇದ್ರೆ ಹಂಗೇ ಹೇಳಿ! ನಾನೇನು ತೊಟ್ಟಿಲಲ್ಲಿರೋ ಮಗೂನಾ?"

"ಬುಡು ಮಗ, ಕ್ವಾಪ ಮಾಡ್ಕೋಬ್ಯಾಡ, ತಲೆಗೆ ಒಳ್ಳೇದಲ್ಲ" ಎನ್ನುತ್ತ ರಾಮಮ್ಮ ಲೋಟ ಹಿಡಿದು ಬಂದರು. "ತಗೋ, ಮಜ್ಜಿಗೆ ಕುಡಿ."

ಅದೇ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಮೈಸೂರಿನಿಂದ ಬಂದ ರಂಜಿತಾ ಬ್ಯಾಗು ಹೆಗಲಿಗೇರಿಸಿಕೊಂಡು ಇಳಿದಳು. ಇವನ ಕೂಗು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿದ್ದರೂ ಆಶ್ಚರ್ಯವಿಲ್ಲ, ಆದರೂ ಅವಳು ಏನೂ ಕೇಳದವಳ ಹಾಗೆ ನಕ್ಕಳು. ಆ ನಗು! ವಾರ್ಡಿನಲ್ಲಿ ಸೂಜಿ ಚುಚ್ಚುವ ಮೊದಲು ನಗುತ್ತಾರಲ್ಲ, ಅದು. ಅವನು ಮದುವೆಯಾಗಬೇಕಿದ್ದ ಹುಡುಗಿಯ ಮುಖದ ಮೇಲೆ ಅದನ್ನು ಯಾರು ತಂದು ಅಂಟಿಸಿದರೋ ಲೋಹಿತನಿಗೆ ಗೊತ್ತಿಲ್ಲ.

ಅವಳು ಸೀದಾ ಅಡುಗೆಮನೆಗೆ ಹೋದಳು. ಕಿಟಕಿಯ ಹೊರಗೆ ನಿಂತಿದ್ದವನಿಗೆ ಅವಳ ತಗ್ಗಿದ ದನಿ ಕೇಳಿಸಿತು.

"ಬೇಜಾರು ಮಾಡ್ಕೋಬೇಡಿ ಅತ್ತೆ. ಅದು ಅವರಲ್ಲ. ಒಳಗಡೆ ಊತ ಇನ್ನೂ ಪೂರ್ತಿ ಇಳಿದಿಲ್ಲ, ಅದು ಹಂಗೆ ಮಾತಾಡ್ಸುತ್ತೆ. ಇಳಿದ್ಮೇಲೆ ನಮ್ ಲೋಹಿತ್ ವಾಪಸ್ ಬರ್ತಾರೆ."

ವಾಪಸ್ ಬರ್ತಾರಂತೆ! ಹಾಗಾದರೆ ಕಿಟಕಿಯ ಈಚೆ ನಿಂತು ಉರಿಯುತ್ತಿರುವವನು ಯಾರು, ಬಾಡಿಗೆಗೆ ಬಂದವನೇ? ಮಜ್ಜಿಗೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು ಅವನು ಹಂದಿಗೂಡಿನ ಕಡೆ ನಡೆದ.

ಗೂಡುಗಳು ಖಾಲಿ. ಅವನು ಆಸ್ಪತ್ರೆಯಲ್ಲಿದ್ದಾಗಲೇ ಒಂದು ಮರಿಯನ್ನೂ ಉಳಿಸದೆ ಮಾರಿಬಿಟ್ಟಿದ್ದರು. "ನೋಡ್ಕೊಳ್ಳೋರು ಯಾರಿದ್ರು ಮಗ?" ಎಂದು ಅಪ್ಪ ಹೇಳಿದಾಗ, ಪಾಪ ಅವರಾದರೂ ಏನು ಮಾಡಿಯಾರು ಎಂದು ಸುಮ್ಮನಾಗಿದ್ದ. ಒಕ್ಕಲುತನದ ಮನೆಯಲ್ಲಿ ಹಂದಿ ಸಾಕುತ್ತಾನೆಂದು ನೆಂಟರು ಮೂಗು ಮುರಿದಾಗಲೂ ಬಿಡದೆ ಕಟ್ಟಿದ ಫಾರಂ ಅದು. ಬಿಟ್ಟಂಗಾಲದ ಬೆಳ್ಳಮ್ಮ ತಮ್ಮ ಕೊಡವರ ಕಡೆಯ ಯಾವ ಮದುವೆಯೂಟಕ್ಕಾದರೂ, "ಲೋಹಿತನ ಹಂದಿಯೇ ಆಗಬೇಕು" ಎಂದು ಜೀಪು ಕಳಿಸುತ್ತಿದ್ದರು.

ರಂಜಿತಾಳನ್ನು ಅವನು ಮೊದಲು ನೋಡಿದ್ದೂ ಇಲ್ಲೇ, ಈ ಗೂಡಿನ ಮುಂದೆಯೇ. ಎರಡು ವರ್ಷದ ಹಿಂದೆ ಐಸ್ ಡಬ್ಬಿ, ಸಿರಿಂಜು ಹಿಡಿದುಕೊಂಡು ಬಂದು ನಿಂತಿದ್ದಳು. ಮೈಸೂರಿನ ಲ್ಯಾಬೊಂದರಲ್ಲಿ ಪಿಎಚ್‌ಡಿ. ಮೆದುಳು ಜ್ವರದ ವೈರಸ್ಸು ತಲೆಯೊಳಗೆ ಹೊಕ್ಕು ಅಲ್ಲಿನ ಕಾವಲು ಕೋಶಗಳ ಜೊತೆ ಏನು ಮಾಡಿಕೊಳ್ಳುತ್ತದೆ ಎನ್ನುವುದು ಅವಳ ವಿಷಯ. ಆ ವೈರಸ್ಸು ಹಂದಿಯ ರಕ್ತದಲ್ಲಿ ಬೆಳೆದು, ಸೊಳ್ಳೆಯ ಬೆನ್ನೇರಿ ಮನುಷ್ಯನಿಗೆ ಬರುವುದರಿಂದ ಅವಳಿಗೆ ಹಂದಿಯ ರಕ್ತ ಬೇಕಿತ್ತು.

"ಆಗಲ್ಲ ಮೇಡಂ" ಎಂದಿದ್ದ ಲೋಹಿತ. "ನಾಳೆ ಪೇಪರಲ್ಲಿ ಹಂದಿಯಿಂದ ಕಾಯಿಲೆ ಅಂತ ಹಾಕಿಸ್ತೀರ. ಆಮೇಲೆ ನನ್ನ ಆರ್ಡರೆಲ್ಲ ನೀವು ತಗೋತೀರಾ?"

"ನಿಮ್ ಹಂದೀಗಿಂತ ನಿಮಗೇ ಕೊಬ್ಬು ಜಾಸ್ತಿ ಇದೆ ಕಣ್ರೀ" ಎಂದಿದ್ದಳು ಅವಳು. "ಮೊದ್ಲು ನಿಮ್ದೇ ರಕ್ತ ತೆಗೀಬೇಕು, ತೋಳು ಚಾಚಿ!"

ಕೆಲಸದವರೆಲ್ಲ ನಕ್ಕಿದ್ದರು. ಅವನಿಗೆ ಕಿವಿಯವರೆಗೆ ಬಿಸಿಯೇರಿತ್ತು. ಬೈಯಬೇಕೆಂದು ಬಾಯಿ ತೆರೆದವನು ಅವಳ ಮುಖ ನೋಡಿ ಮರೆತ. ಸಿಟ್ಟಿನಲ್ಲಿ ಮೂಗಿನ ಹೊಳ್ಳೆ ಅರಳಿತ್ತು, ಎಡಗಡೆಯ ಹುಬ್ಬು ಮಾತ್ರ ಮೇಲೇರಿತ್ತು, ಮತ್ತು ಆ ಕಣ್ಣು ಅವನನ್ನು ಬಿಟ್ಟು ಅತ್ತಿತ್ತ ಹೋಗುತ್ತಿರಲಿಲ್ಲ. ಅಷ್ಟು ನೇರವಾಗಿ ಯಾವ ಹುಡುಗಿಯೂ ಅವನನ್ನು ನೋಡಿರಲಿಲ್ಲ. ಕೊನೆಗೆ ಅವನೇ ಹಂದಿಯನ್ನು ಅಮುಕಿ ಹಿಡಿದ, ಅವಳು ಸೂಜಿ ಚುಚ್ಚಿದಳು, ಹಂದಿ ಒದರಿಕೊಂಡು ಎದ್ದಿತು, ಇಬ್ಬರೂ ಕೆಸರಿಗೆ ಬಿದ್ದರು. ಕೆಸರಲ್ಲಿ ಕೂತೇ ತಪ್ಪು ಯಾರದೆಂದು ಜಗಳವಾಡಿದರು.

ಆಮೇಲೆ ಪ್ರತಿ ತಿಂಗಳೂ ರಕ್ತ, ಪ್ರತಿ ತಿಂಗಳೂ ಜಗಳ. ಅವಳು ಬರುವ ದಿನ ಲೋಹಿತ ಬೇಕೆಂದೇ ಡೆಟಾಲ್ ಬಕೆಟ್ಟು ಬಚ್ಚಿಡುತ್ತಿದ್ದ. ಅವಳು ಬೈಯುತ್ತಿದ್ದಳು, ಅವನು ಕಣ್ಣು ತುಂಬ ನೋಡುತ್ತಿದ್ದ. ಎರಡೂ ಮನೆಯವರು ಒಪ್ಪಿ ವೀಳ್ಯ ಬದಲಾಯಿಸಿಕೊಂಡರು. ಮದುವೆಯ ದಿನ ಗೊತ್ತಾಗುವುದರೊಳಗೆ ಜ್ವರ ಬಂತು.

ಜ್ವರ ಅವನ ಬಲಗೈಯನ್ನು ಸ್ವಲ್ಪ ಕೆಡಿಸಿತು. ಅವಳ ಬಾಯನ್ನು ಪೂರ್ತಿ ಕಿತ್ತುಕೊಂಡಿತು. ಅವತ್ತಿನಿಂದ ಅವಳು ಅವನನ್ನು ಒಂದೇ ಒಂದು ಸಲ ಬೈದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ನಾಲೆಯ ಏರಿಯ ಮೇಲೆ ಕೂತರು. ಗದ್ದೆಯಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ಲೋಹಿತ ಕೆಣಕಿ ನೋಡಿದ.

"ಈ ಚೂಡಿದಾರ ನಿಂಗೆ ಒಪ್ಪಲ್ಲ."

"ಹೌದಾ? ನಾಳೆ ಬೇರೆ ಹಾಕ್ಕೋತೀನಿ ಬಿಡು."

"ನಿಮ್ಮಪ್ಪ ಜಿಪುಣ."

"ಸ್ವಲ್ಪ ಹೌದು."

"ನಿನ್ನ ಪಿಎಚ್‌ಡಿ ದಂಡ. ಇಷ್ಟು ವರ್ಷ ಇಲಿ ಕುಯ್ದು ಕುಯ್ದು ಏನ್ ಕಡಿದು ಕಟ್ಟೆ ಹಾಕ್ದೆ?"

ಅವಳ ಹುಬ್ಬು ಒಂದಿಷ್ಟು ಅಲ್ಲಾಡಿತು. ಲೋಹಿತನ ಜೀವ ಕುಣಿಯಿತು. ಬೈ, ಬೈಯೇ ಮಾರಾಯ್ತಿ! ಆದರೆ ಅವಳು ಉಸಿರು ಎಳೆದುಕೊಂಡು, ಆ ಆಸ್ಪತ್ರೆಯ ನಗುವನ್ನು ತಂದು ಮುಖದ ಮೇಲಿಟ್ಟಳು.

"ಇರ್ಬಹುದು" ಎಂದಳು.

ಅವನು ಕಲ್ಲೊಂದನ್ನು ಎತ್ತಿ ನಾಲೆಗೆ ಎಸೆದ. "ನನ್ನ ತಲೇಲಿ ಏನಾಗಿದೆ ಹೇಳು. ಅಡುಗೆಮನೇಲಿ ಅಮ್ಮನ ಕಿವೀಲಿ ಹೇಳೋದಲ್ಲ. ನನಗೆ ಹೇಳು."

ಅವಳು ಅವನ ಕಡೆ ತಿರುಗಿ ಕೂತು ಶುರು ಮಾಡಿದಳು. "ಮೆದುಳಲ್ಲಿ ಕಾವಲು ಕೋಶ ಇರ್ತಾವೆ. ಮೈಕ್ರೋಗ್ಲಿಯಾ ಅಂತಾರೆ. ಸುಮ್ನೆ ಸುತ್ತಲೂ ಕೈಯಾಡಿಸ್ತಾ, ಸತ್ತಿದ್ದು ಕೊಳೆತಿದ್ದು ಗುಡಿಸ್ತಾ ಇರ್ತಾವೆ. ವೈರಸ್ ಒಳಗೆ ಬಂದ್ರೆ ಮೊದ್ಲು ಮೇಲೆ ಬೀಳೋವು ಅವೇ."

"ಒಳ್ಳೇದಲ್ವಾ?"

"ಒಳ್ಳೇದೇ. ಅವು ಇಲ್ದಿದ್ರೆ ನೀನಿವತ್ತು ಇಲ್ಲಿ ಕೂತಿರ್ತಿರ್ಲಿಲ್ಲ. ಆದ್ರೆ ಆನೆಕಾಡಿಂದ ಆನೆ ಗದ್ದೆಗಿಳಿದಾಗ ಊರೋರೆಲ್ಲ ಪಂಜು, ಪಟಾಕಿ ಹಿಡ್ಕೊಂಡು ನುಗ್ತಾರಲ್ಲ, ಬೆಳಗ್ಗೆ ಹೋಗಿ ನೋಡು. ಆನೆ ತುಳಿದಿದ್ದು ಒಂದು ಮೂಲೆ, ಓಡಿಸೋಕೆ ಬಂದೋರು ತುಳಿದಿದ್ದು ಇಡೀ ಗದ್ದೆ. ಇದೂ ಹಂಗೆ. ಅವು ಉರಿ ಎಬ್ಬಿಸೋ ರಸ ಬಿಡ್ತಾವೆ, ಅಕ್ಕಪಕ್ಕದ ನರಗಳು ಸಾಯ್ತಾವೆ. ಕೆಲವು ಸಲ ಆ ಕಾವಲು ಕೋಶದೊಳಕ್ಕೇ ವೈರಸ್ ಹೊಕ್ಕು ಅಲ್ಲೇ ಅಡಗಿ ಕೂರುತ್ತೆ."

"ಆನೆ ವಾಪಸ್ ಹೋದ್ಮೇಲೆ?"

"ಹೋದ್ಮೇಲೂ ಕೆಲವು ಪಂಜು ಆರಲ್ಲ. ತಿಂಗಳುಗಟ್ಟಲೆ. ಇಲಿಗಳಲ್ಲಿ ನಾನೇ ನೋಡಿದೀನಿ."

"ಅದಕ್ಕೇ ನಂಗೆ ಸಿಟ್ಟು."

"ಬಹುಶಃ."

"ಅಪ್ಪ ಬೆಳಗ್ಗೆ ಸುಳ್ಳು ಹೇಳಿದ್ರು. ಅದಕ್ಕೆ ಬಂದ ಸಿಟ್ಟೂ ಅದೇನಾ?"

"ಮೊದ್ಲು ಇಷ್ಟು ಜೋರಾಗಿ ಬರ್ತಿರ್ಲಿಲ್ಲ ಲೋಹಿತ್."

"ಮೊದ್ಲು ಯಾರೂ ನಂಗೆ ಸುಳ್ಳು ಹೇಳ್ತಿರ್ಲಿಲ್ಲ!"

ಬೆಳ್ಳಕ್ಕಿಗಳು ಎದ್ದು ಆಚೆ ಗದ್ದೆಗೆ ಹಾರಿದವು. ನಡುಗುತ್ತಿದ್ದ ಅವನ ಬಲಗೈಯ ಮೇಲೆ ಅವಳು ತನ್ನ ಅಂಗೈ ಇಟ್ಟಳು. ಎಷ್ಟು ಬೆಚ್ಚಗಿತ್ತು ಆ ಕೈ! ಹಿಡಿದು ಕೆನ್ನೆಗೆ ಒತ್ತಿಕೊಳ್ಳಬೇಕು ಅನ್ನಿಸಿತು. "ಎಲ್ಲ ಇಳಿದ್ಮೇಲೆ ನೀನು ಮೊದಲಿನ ಥರ ಆಗ್ತೀಯ" ಎಂದಳು ಅವಳು.

"ಇಳೀದೇ ಹೋದ್ರೆ?"

ಅವಳು ನೀರು ನೋಡುತ್ತ ಕೂತಳು. ಲೋಹಿತ ಕೈ ಕಿತ್ತುಕೊಂಡ.

ಅವನಿಗೊಂದು ಗುಟ್ಟಿತ್ತು. ಯುಗಾದಿಗೆ ಮುಂಚೆ ಒಂದು ಬೆಳಗ್ಗೆ, ಸ್ನಾನದ ನೀರು ತಣ್ಣಗಿದೆ ಅಂತಲೋ ಏನೋ, ಅಷ್ಟು ಸಣ್ಣ ಕಾರಣಕ್ಕೆ, ಹಿತ್ತಾಳೆ ಚೊಂಬನ್ನು ಬೀಸಿ ಎಸೆದಿದ್ದ. ಅದು ಅಮ್ಮನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಗಾರೆ ಕಿತ್ತಿತ್ತು. ರಾಮಮ್ಮ ಮಧ್ಯಾಹ್ನದ ಹೊತ್ತಿಗೆ ಆ ಗುಂಡಿಯ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು. ಎಲ್ಲ ಸಿಟ್ಟೂ ನನ್ನದೇ ಎಂದು ಊರಿಗೆ ಕೇಳುವಂತೆ ಕೂಗುವ ಲೋಹಿತ, ಆ ಒಂದು ಸಿಟ್ಟು ಯಾರದೆಂದು ತನ್ನನ್ನೇ ಕೇಳಿಕೊಳ್ಳಲು ಹೆದರುತ್ತಿದ್ದ.

ಭಾನುವಾರ ಲಗ್ನ ಗೊತ್ತು ಮಾಡಲು ರಂಜಿತಾಳ ಅಪ್ಪ ಲೋಕೇಶ್ ಬಂದರು. ಕುಶಾಲನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಏರಿದ ದನಿಯಲ್ಲಿ ಗಿರಾಕಿಯ ಜೊತೆ ಕೂಡ ಮಾತಾಡಿದವರಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿದರು. ಚಕ್ಕುಲಿ ಬಂತು, ಕಲ್ಯಾಣ ಮಂಟಪ ಯಾವ ತಿಂಗಳು ಸಿಗುತ್ತದೆ ಎನ್ನುವ ಮಾತು ಬಂತು.

"ಫಾರಂ ಇಲ್ಲದ ಮೇಲೆ ಹುಡುಗ ಮುಂದೆ ಏನು ಮಾಡ್ಬೇಕು ಅಂತಿದಾರೆ?" ಎಂದು ಲೋಕೇಶ್ ಮೆಲ್ಲಗೆ ಕೇಳಿದರು. ಕೇಳಿದ್ದು ಸಣ್ಣಸ್ವಾಮಿಯವರನ್ನು. ಹುಡುಗ ಎದುರಿಗೇ ಕೂತಿದ್ದ.

"ಶುಂಠಿ ಹಾಕ್ತಾನೆ ಬುಡಿ" ಎಂದರು ಸಣ್ಣಸ್ವಾಮಿ, ಖುಷಿಯಲ್ಲಿ. "ಆ ಹಂದಿ ಪೀಡೆ ಹೋಗಿದ್ದೇ ಒಳ್ಳೇದಾಯ್ತು. ನಿಮ್ ಮಗ್ಳೇ ಅಲ್ವಾ ಆಸ್ಪತ್ರೆಯಿಂದ ಫೋನ್ ಮಾಡಿ, ಒಂದೂ ಉಳಿಸ್ಬೇಡಿ ಮಾವ, ಇವತ್ತೇ ಸಾಗಿಸಿ ಅಂದಿದ್ದು? ಓದಿದೋಳು ಹೇಳಿದ್ಮೇಲೆ ಇನ್ನೇನು?"

ಒಳಗಿನಿಂದ ಕಾಫಿ ತರುತ್ತಿದ್ದ ರಂಜಿತಾ ಹೊಸ್ತಿಲ ಮೇಲೆ ನಿಂತುಬಿಟ್ಟಳು.

ಲೋಹಿತ ಎದ್ದ. "ನೀನಾ?"

ಅವಳು ತಲೆ ತಗ್ಗಿಸಿ ಕೈಯಲ್ಲಿದ್ದ ತಟ್ಟೆ ನೋಡಿದಳು.

"ನಾನಲ್ಲಿ ಮೂಗಿಗೆ ಪೈಪ್ ಹಾಕಿಸ್ಕೊಂಡು ಮಲಗಿದ್ದಾಗ ನನ್ ಹಂದಿ ಮಾರಿಸಿದ್ದು ನೀನಾ? ಒಂದು ವರ್ಷ ನನ್ ಮುಂದೆ ಕೂತು, ಆ ಖಾಲಿ ಗೂಡು ನೋಡ್ಕೊಂಡು, ಒಂದ್ ಸಲಾನಾದ್ರೂ ಬಾಯಿ ಬಿಟ್ಯಾ?"

"ಬಿಪಿ ಏರ್ತದೆ ಮಗ" ಎಂದು ರಾಮಮ್ಮ ಮಜ್ಜಿಗೆಗೆ ಓಡಿದರು. ಸಣ್ಣಸ್ವಾಮಿಯವರ ಕೈ ಟವೆಲ್ಲಿಗೆ ಹೋಯಿತು. ರಂಜಿತಾ ತಟ್ಟೆ ಕೆಳಗಿಟ್ಟು, ಎಲ್ಲರಿಗೂ ಕೈಸನ್ನೆ ಮಾಡಿ, "ಯಾರೂ ತಿರುಗಿ ಏನೂ ಅನ್ಬೇಡಿ. ಸ್ವಲ್ಪ ಹೊತ್ತು ಬಿಟ್ರೆ ಇಳಿಯುತ್ತೆ" ಎಂದಳು, ಒಲೆಯ ಮೇಲಿನ ಕುಕ್ಕರಿನ ವಿಷಯ ಹೇಳುವ ಹಾಗೆ.

ಲೋಕೇಶ್ ಕೂಡ ಎದ್ದು ಅವನ ಬೆನ್ನು ಸವರಿದರು. "ಪರವಾಗಿಲ್ಲಪ್ಪ. ಕಾಯಿಲೆ ಬಿದ್ದು ಎದ್ದೋರು. ನಾವ್ಯಾರೂ ತಪ್ಪು ತಿಳ್ಕೊಳ್ಳಲ್ಲ."

ತಪ್ಪು ತಿಳಿದುಕೊಳ್ಳಿ ಸ್ವಾಮಿ, ದಮ್ಮಯ್ಯ, ಒಂದು ಸಲ ತಪ್ಪು ತಿಳಿದುಕೊಳ್ಳಿ! ಎಂದು ಅವರ ಕಾಲಿಗೆ ಬೀಳಬೇಕೆನಿಸಿತು ಲೋಹಿತನಿಗೆ.

"ಈ ಮದುವೆ ಬೇಡ" ಎಂದು ಹೇಳಿ ಜಗಲಿ ಇಳಿದು ಹೋದ.

ಅವಳು ಹಿಂದೆಯೇ ಬಂದಳು. ಖಾಲಿ ಗೂಡಿನ ಕಂಬಿ ಹಿಡಿದು ನಿಂತಿದ್ದವನಿಂದ ನಾಲ್ಕು ಹೆಜ್ಜೆ ದೂರ ನಿಂತು, "ಲೋಹಿತ್, ಮೊದ್ಲು ಉಸಿರು ಎಳ್ಕೋ. ನಿಧಾನಕ್ಕೆ" ಎಂದಳು.

ಅವನು ತಿರುಗಿದ. "ನಿಂಗೆ ಗಂಡ ಬೇಡ ರಂಜಿ. ಇಲಿ ಬೇಕು. ಪಂಜರದಲ್ಲಿಟ್ಟು ಕಾಳು ಹಾಕಿ, ಇವತ್ತು ಎಷ್ಟು ಊತ ಇಳೀತು ಅಂತ ನೋಡೋಕೆ. ಇಲಿಯಾದ್ರೆ ನಿನ್ನ ಏನೂ ಕೇಳಲ್ಲ ನೋಡು. ಆ ಇಲೀನೇ ಕಟ್ಕೋ, ಹೋಗು!"

"ಲೋ!"

ಆ ಒಂದು ಅಕ್ಷರ ಜಗಲಿಯವರೆಗೂ ಹೋಯಿತು. ದೊಡ್ಡವರ ಮುಂದೆ ಅವನನ್ನು 'ಅವರು, ಇವರು' ಎನ್ನುತ್ತಿದ್ದ ಭಾವಿ ಸೊಸೆ ಹಾಗೆ ಕೂಗಿದ್ದು ಕೇಳಿ ರಾಮಮ್ಮನ ಕೈಯಲ್ಲಿದ್ದ ಮಜ್ಜಿಗೆ ಚೆಲ್ಲಿತು. ಆದರೆ ಅವಳಿಗೆ ಈಗ ದೊಡ್ಡವರೂ ಬೇಕಿರಲಿಲ್ಲ, ಚಿಕ್ಕವರೂ ಬೇಕಿರಲಿಲ್ಲ.

"ಯಾರೋ ಇಲಿ? ಯಾರ್ಗೋ ಹೇಳ್ತೀಯ? ಲಸಿಕೆ ಹಾಕಿಸ್ಕೋ ಅಂತ ಎಷ್ಟು ಬಡ್ಕೊಂಡೆ ನಿಂಗೆ? ಮೈಸೂರಲ್ಲಿ ಡಾಕ್ಟರ ಹತ್ರ ಟೈಮ್ ತಗೊಂಡು ಆಸ್ಪತ್ರೆ ಬಾಗ್ಲಲ್ಲಿ ನಿಂತಿದ್ದೆ, ನೀನು ಬಂದ್ಯಾ? ಬಿಟ್ಟಂಗಾಲಕ್ಕೆ ಹಂದಿ ಹಾಕೋಕೆ ಹೋದೆ! ಹಂದಿ ಸಾಕೋರಿಗೆ ಹಂದಿ ಕಾಯಿಲೆ ಬರಲ್ಲ ಅಂತ ಫೋನಲ್ಲಿ ನಕ್ಕೆ! ನಕ್ಕೆ ಕಣೋ ನೀನು!"

ಲೋಹಿತ ನಕ್ಕಿದ್ದ. ಅದು ನಿಜವಾಗಿತ್ತು.

"ಐಸಿಯು ಹೊರಗೆ ಎಲ್ರೂ ದೇವ್ರನ್ನ ಬೇಡ್ತಿದ್ರು" ಎಂದಳು ಅವಳು, ದನಿ ಒಡೆಯುತ್ತಿತ್ತು, ಆದರೂ ಇಳಿಯಲಿಲ್ಲ. "ನಂಗೆ ಆ ಪುಣ್ಯಾನೂ ಇರ್ಲಿಲ್ಲ. ಒಳಗೆ ಏನು ನಡೀತಿದೆ ಅಂತ ನಂಗೆ ಗೊತ್ತಿತ್ತು. ಈಗ ವೈರಸ್ ಇಲ್ಲಿಗೆ ಬಂತು, ಈಗ ಕಾವಲು ಕೋಶ ಎದ್ವು, ಈಗ ಯಾವ ನರ ಸಾಯ್ತಿದೆ, ಮಾತಿಂದಾ, ಕೈಯಿಂದಾ, ನನ್ ನೆನಪಿರೋದಾ, ಅಂತ ಕೂತು ಕೂತು ನೋಡ್ದೆ. ಸ್ಲೈಡ್ ಮೇಲೆ ಅದನ್ನೇ ನೋಡಿದೋಳು ನಾನು. ನೀನು ಕಣ್ಬಿಟ್ಟಾಗ ನಿಂಗೆ ಎರಡು ಬಿಡ್ಬೇಕು ಅನ್ನಿಸ್ತು. ಬಿಡ್ಲಿಲ್ಲ. ಕಾಯಿಲೆಯೋನಿಗೆ ಬೈಬಾರ್ದು ಅಂದ್ರು. ಒಂದು ವರ್ಷದಿಂದ ನುಂಗ್ತಾ ಇದೀನಿ, ಒಂದು ವರ್ಷ! ನಿಂಗೊಬ್ಬನಿಗೇನಾ ಸಿಟ್ಟು ಇರೋದು?"

ಮೂಗಿನ ಹೊಳ್ಳೆ ಅರಳಿತ್ತು. ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯುತ್ತಿತ್ತು, ಆದರೆ ಆ ಕಣ್ಣು ಅವನ ಮೇಲೇ ಇತ್ತು. ಲೋಹಿತ ಒಂದು ವರ್ಷದಿಂದ ಕಾದು ಕಾದು, ಸತ್ತೇಹೋದಳೆಂದುಕೊಂಡಿದ್ದ ಹುಡುಗಿ ಎದುರಿಗೆ ನಿಂತು ಬೈಯುತ್ತಿದ್ದಳು. ಹಾಗೆಂದು ತನ್ನ ಸಿಟ್ಟನ್ನು ಬಿಡುವವನೂ ಅವನಲ್ಲ.

"ಲಸಿಕೆ ನನ್ ತಪ್ಪು" ಎಂದ. "ಒಪ್ದೆ. ಹಂದಿ?"

ಅವಳು ಕೆನ್ನೆ ಒರೆಸಿಕೊಂಡಳು. "ಹಂದಿ ನನ್ ತಪ್ಪು."

"ಗೊತ್ತಿರ್ಲಿಲ್ವಾ ನಿಂಗೆ, ನನಗೆ ಅವು ಏನು ಅಂತ?"

"ಅದಕ್ಕಿಂತ ಕೆಟ್ಟದ್ದು ಗೊತ್ತಿತ್ತು. ಒಂದು ಸಲ ವೈರಸ್ ಬಂದು ಹೋದ ಹಂದಿಗೆ ಮತ್ತೆ ಬರಲ್ಲ. ನಿನ್ ದೊಡ್ಡ ಹಂದಿಗಳಿಗೆಲ್ಲ ಆಗ್ಲೇ ಬಂದು ಹೋಗಿತ್ತು, ನನ್ ಕೈಯಲ್ಲೇ ಟೆಸ್ಟ್ ಮಾಡಿದ್ದೆ. ಅವುಗಳಿಂದ ಯಾರಿಗೂ ಏನೂ ಆಗ್ತಿರ್ಲಿಲ್ಲ. ಮಾರಿ ಏನೂ ಪ್ರಯೋಜನ ಇರ್ಲಿಲ್ಲ. ಗೊತ್ತಿದ್ದೂ ಫೋನ್ ಮಾಡ್ದೆ. ಹೆದರಿಕೆ ಕಣೋ. ಏನಾದ್ರೂ ಮಾಡ್ಬೇಕಿತ್ತು, ಯಾವುದನ್ನಾದ್ರೂ ಹೊಡೀಬೇಕಿತ್ತು ನಂಗೆ. ನಿನ್ನ ಕಾಯೋಕೆ ಹೋಗಿ ನಿನ್ನ ಬದುಕೇ ತುಳಿದು ಹಾಕ್ದೆ. ಮೈಕ್ರೋಗ್ಲಿಯಾ ಬಗ್ಗೆ ಪುಟಗಟ್ಟಲೆ ಬರೆದೋಳು ಅದು ಮಾಡೋ ಕೆಲಸಾನೇ ಮಾಡ್ದೆ."

"ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಸಿಟ್ಟು ಮಾಡ್ಕೋತೀಯ ಅಂತ ಹೇಳ್ಲಿಲ್ಲ. ಸಿಟ್ಟು ಮಾಡ್ಕೊಂಡಾಗ ಅದು ನಿಂದಲ್ಲ, ಊತದ್ದು ಅಂದ್ಕೊಂಡ್ರೆ ನಂಗೂ ಸುಲಭ ಆಗ್ತಿತ್ತು. ತಪ್ಪು ನನ್ನ ಹತ್ರ ಇದೆ ಅಂತ ಒಪ್ಕೋಬೇಕಾಗಿರ್ಲಿಲ್ಲ."

ಅಷ್ಟು ನೇರ ಮಾತನ್ನು ಅವನು ವರ್ಷದಿಂದ ಯಾರ ಬಾಯಿಂದಲೂ ಕೇಳಿರಲಿಲ್ಲ. ಅದಕ್ಕೆ ಸರಿಯಾದ ಬೆಲೆ ಕೊಡಬೇಕಾದರೆ ತಾನೂ ನೇರವಾಗಬೇಕಿತ್ತು. ಅವನು ಕಂಬಿ ಬಿಟ್ಟು ನೆಲದ ಮೇಲೆ ಕೂತ.

"ರಂಜಿ, ಅಮ್ಮನ ಮೇಲೆ ಚೊಂಬು ಎಸೆದೆ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಕಾರಣಾನೇ ಇರ್ಲಿಲ್ಲ. ಸ್ವಲ್ಪ ಈಚೆ ಬಿದ್ದಿದ್ರೆ ಅಮ್ಮ ಇರ್ತಿರ್ಲಿಲ್ಲ. ಎಲ್ಲ ಸಿಟ್ಟೂ ನಂದೇ ಅಂತ ಕೂಗಾಡ್ತೀನಲ್ಲ, ಅದು ನ... ನ..." ಪದ ನಾಲಿಗೆಯ ತುದಿಯಲ್ಲಿ ಸಿಕ್ಕಿಕೊಂಡಿತು. ಅವಳು ತುಂಬಿಕೊಡಲಿಲ್ಲ, ಕಾದಳು. "ನಂದಾ ಅಲ್ವಾ ಗೊತ್ತಿಲ್ಲ ಕಣೆ. ನಾಳೆ ಆ ಜಾಗದಲ್ಲಿ ನೀನಿದ್ರೆ? ಅದಕ್ಕೇ ಬೇಡ ಅಂದಿದ್ದು. ಹಂದಿ ಒಂದು ನೆಪ. ನೀನಿಲ್ದೆ ನಂಗೆ ದಿನ ಹೋಗಲ್ಲ, ಆದ್ರೆ ನಿನ್ನ ಮೇಲೆ ನಾನು ಕೈ ಎತ್ತಿದ್ರೆ, ಆಮೇಲೆ ಅದು ಯಾರ ಕೈ ಅಂತ ಯಾರನ್ನ ಕೇಳ್ಲಿ?"

ರಂಜಿತಾ ಅವನ ಎದುರಿಗೆ ಮಂಡಿಯೂರಿ ಕೂತಳು. ಚೂಡಿದಾರಕ್ಕೆ ಮಣ್ಣು ಹತ್ತಿದ್ದನ್ನು ನೋಡಲಿಲ್ಲ.

"ನಂಗೂ ಗೊತ್ತಾಗಲ್ಲ" ಎಂದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ಇದಿಷ್ಟು ನೀನು, ಇದಿಷ್ಟು ಕಾಯಿಲೆ ಅಂತ ಗೆರೆ ಎಳೆಯೋ ಸ್ಕ್ಯಾನ್ ಇಲ್ಲ. ಇಲಿಯಾದ್ರೆ ತಲೆ ತೆಗೆದು ನೋಡ್ತೀನಿ. ನಿಂದು ತೆಗೆಯೋಕಾಗಲ್ಲ. ಅದಕ್ಕೇ ಇನ್ಮೇಲೆ ಬೇರೆ ಮಾಡಲ್ಲ. ಬರೋ ಸಿಟ್ಟೆಲ್ಲ ನಿಂದೇ ಅಂತ ತಗೋತೀನಿ. ನ್ಯಾಯವಾಗಿದ್ರೆ ಕೇಳ್ತೀನಿ, ಅನ್ಯಾಯವಾಗಿದ್ರೆ ತಿರುಗಿ ಬೈತೀನಿ. ಔಷಧಿ ಬಿಡಂಗಿಲ್ಲ, ಡಾಕ್ಟರ್ ಹತ್ರ ಈ ಚೊಂಬಿನ ವಿಷ್ಯ ನೀನೇ ಹೇಳ್ಬೇಕು. ಕೈ ಎತ್ತಿದ ದಿನ ಮಾತ್ರ ನಾನು ಹೊರಟೆ. ವೈರಸ್ ಎತ್ತಿಸ್ತು ಅಂದ್ರೆ ಕೇಳಲ್ಲ."

"ಹೋಗ್ತೀಯಾ ನಿಜವಾಗ್ಲೂ?"

"ಹೋಗ್ತೀನಿ. ಅತ್ತೇನೂ ಕರ್ಕೊಂಡು ಹೋಗ್ತೀನಿ."

ಲೋಹಿತನಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ಯಾವುದನ್ನೂ ತಡೆಯಲಿಲ್ಲ. ಅವಳ ಕೈ ಹಿಡಿದ.

"ಮದುವೆ ಆಗ್ತೀಯ ನನ್ನ?" ಎಂದು ಕೇಳಿದ. ಇಷ್ಟು ದಿನದಲ್ಲಿ ಅವನು ಅದನ್ನು ಕೇಳಿಯೇ ಇರಲಿಲ್ಲ. ಮನೆಯವರೇ ಕೇಳಿದ್ದು, ಮನೆಯವರೇ ಒಪ್ಪಿದ್ದು.

"ಮೊದ್ಲು ಎದ್ದು ಒಳಗೆ ನಡಿ. ಅಪ್ಪನ ಮುಂದೆ ಮದುವೆ ಬೇಡ ಅಂದೆಯಲ್ಲ, ಹೋಗಿ ಕ್ಷಮೆ ಕೇಳು. ಕಾಯಿಲೆ ಹೆಸರು ಎತ್ತಿದ್ರೆ ನೋಡು." ಅವಳೇ ಅವನನ್ನು ಎಳೆದು ಎಬ್ಬಿಸಿದಳು. ಎಬ್ಬಿಸಿದ ಮೇಲೂ ಕೈ ಬಿಡಲಿಲ್ಲ.

ಜಗಲಿಯಲ್ಲಿ ಯಾರೂ ಕೂತಿರಲಿಲ್ಲ. ಎಲ್ಲರೂ ನಿಂತೇ ಕೇಳಿಸಿಕೊಂಡಿದ್ದರು. ರಾಮಮ್ಮನ ಸೆರಗು ಕಣ್ಣಿನ ಮೇಲಿತ್ತು. ಲೋಹಿತ ಲೋಕೇಶರ ಎದುರು ಹೋಗಿ ನಿಂತ.

"ತಪ್ಪಾಯ್ತು ಮಾವ. ನೀವು ಮನೆಗೆ ಬಂದಾಗ ಹಂಗೆ ಎದ್ದು ಹೋಗ್ಬಾರ್ದಿತ್ತು. ಸಿಟ್ಟು ಬಂತು. ಜ್ವರದ್ದಲ್ಲ, ನಂದೇ."

ಲೋಕೇಶ್ ಅವನ ಮುಖ ನೋಡಿದರು, ಮಗಳ ಮಣ್ಣಾದ ಮಂಡಿ ನೋಡಿದರು, ಅವಳ ಕೈ ಇವನ ಕೈಯಲ್ಲಿರುವುದನ್ನೂ ನೋಡಿದರು. 'ಪರವಾಗಿಲ್ಲಪ್ಪ' ಎನ್ನಲು ಅವರ ಬಾಯಿ ಅರ್ಧ ತೆರೆಯಿತು. ಆಮೇಲೆ ಏನನ್ನಿಸಿತೋ, ಆ ಸಾಧು ಮನುಷ್ಯನ ಮುಖ ಕೆಂಪಗಾಯಿತು.

"ತಪ್ಪೇ ಕಣಯ್ಯ ಅದು!" ಎಂದರು. "ಹೆಣ್ಣು ಹೆತ್ತೋರ ಎದುರಿಗೆ ಆಡೋ ಮಾತಾ? ನಾನೇನು ದಾರೀಲಿ ಬಿದ್ದಿದ್ನಾ? ನನ್ ಮಗಳು ಹಂದಿ ಮಾರಿಸಿದ್ರೆ ನನ್ನ ಕೇಳು, ಅವಳನ್ನ ಕೇಳು, ಜಗಳ ಆಡು. ಮದುವೆ ಬೇಡ ಅಂತ ಎದ್ದು ಹೋಗೋದು ಯಾವ ಸೀಮೆ ಗಂಡಸುತನ? ಕೂತ್ಕೋ ಇಲ್ಲಿ, ಇನ್ನೂ ಮುಗಿದಿಲ್ಲ."

ರಂಜಿತಾ ಕೈ ಬಿಡಿಸಿಕೊಂಡು, ಆರಿದ ಕಾಫಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ಅವನನ್ನು ನೋಡಿದಳು. ಆ ಆಸ್ಪತ್ರೆಯ ನಗು ನಗಲಿಲ್ಲ.

ಲೋಹಿತ ಕುರ್ಚಿ ಎಳೆದುಕೊಂಡು ಕೂತು, ಮಾವನ ಬೈಗುಳವನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡ.